ಇಲ್ಲದ ಬೆಕ್ಕಿಗೊಂದು ಗಂಟೆ

ಇಂಥ ಕೈಗಳನ್ನು ಯಾರಾದರೂ ಆಸೆಯಿಂದ ಹಿಡಿದಾರೇ? ಡೈರಿಯಲ್ಲಿ ಬರೆಯಲೂ ನಾಚಿಕೆಯಾಗುವ ಈ ಚಿಂತೆ ಬೆಳಗಿನಿಂದ ಅವಳನ್ನು ಕೊರೆಯುತ್ತಿತ್ತು. ಬೆರಳ ತುಂಬ ಗೀರು, ಗೀರಿನ ಮೇಲೆ ಗೀರು. ಸೋಪು ತಾಗಿದರೆ ಜೀವ ಹೋಗುವಷ್ಟು ಉರಿ.

ಗೀರಿದ್ದು ಚಾಮರ ಹುಲ್ಲು. ಅಣ್ಣನ ನರ್ಸರಿಗೆ ಅನ್ನ ಹಾಕುತ್ತಿದ್ದುದೇ ಅದು. ಆಳೆತ್ತರದ ಬೆಳ್ಳಿ ತುರಾಯಿ, ಗರಗಸದಂಥ ಎಲೆ. ಉಳ್ಳವರ ಅಂಗಳದಲ್ಲೆಲ್ಲ ಮೆರೆಯುತ್ತಿದ್ದ ಹುಲ್ಲು ಈಗ ಅಂಗಳ ದಾಟಿ ಹಿಂದಿನ ಗುಡ್ಡವನ್ನೇ ನುಂಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲೊಂದು ಕಿಡಿ ಬಿದ್ದು, ಒಣಹುಲ್ಲು ಭಗ್ಗೆಂದು ಹತ್ತಿ, ಗುಡ್ಡದಂಚಿನ ಮನೆಯೊಂದು ಸುಟ್ಟು ಕರಕಲಾಯಿತು.

ಆಮೇಲಿನಿಂದ ಅವಳು ಮುಂಜಾನೆ ಕದ್ದು ಹೋಗಿ ಗುಡ್ಡದ ಸಸಿಗಳನ್ನು ಕೀಳುತ್ತಿದ್ದಳು. ಗ್ಲೌಸ್ ಹಾಕಿದರೆ ಎಳೆ ಸಸಿ ಬೇರುಸಮೇತ ಬರುತ್ತಿರಲಿಲ್ಲ, ಬರಿಗೈಯೇ ಆಗಬೇಕು. ಹಗಲೆಲ್ಲ ಗ್ಲೌಸಿನೊಳಗೆ ಗಾಯ ಮುಚ್ಚಿಟ್ಟುಕೊಳ್ಳುವಳು. ಅಣ್ಣನ ಸಿಟ್ಟು ಬಲ್ಲವರು ಯಾರೂ ಅವನೆದುರು ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಬಂದವನು ಕಳೆ ಇನ್ಸ್‌ಪೆಕ್ಟರ್, ಹಬ್ಬುವ ಕಳೆಗಿಡಗಳನ್ನು ಪತ್ತೆಹಚ್ಚಿ ಕೀಳಿಸುವ ಸರ್ಕಾರಿ ನೌಕರ.

“ಗುಡ್ಡಕ್ಕೆ ಈ ಹುಲ್ಲಿನ ಬೀಜ ಎಲ್ಲಿಂದ ಹಾರ್ತಿದೆ ಅಂತ ಹುಡುಕ್ತಿದೀವಿ,” ಎಂದ.

“ನಮ್ದು ಬರೀ ಹೆಣ್ಣು ಗಿಡ ಸಾಹೇಬ್ರೇ, ಬೀಜ ಕಟ್ಟಲ್ಲ. ನನ್ನ ತಂಗೀನೇ ಕೇಳಿ, ಬಾಟನಿ ಓದಿದಾಳೆ,” ಎಂದು ಅಣ್ಣ ಮುಂದಿನ ಸಾಲನ್ನಷ್ಟೇ ತೋರಿಸಿದ.

ಅವಳು ತಲೆಯಾಡಿಸಿದಳು. ಮುಂದಿನ ಸಾಲಿನ ಮಟ್ಟಿಗೆ ಅದು ನಿಜ. ರೇಷ್ಮೆಯಂತೆ ತುಂಬಿದ ತುರಾಯಿ ಹೆಣ್ಣಿನದು. ಆದರೆ ಶೆಡ್ಡಿನ ಹಿಂದೆ, ಅಣ್ಣ ಅಗ್ಗಕ್ಕೆ ತಂದ ಸಸಿಗಳಲ್ಲಿ, ಪರಾಗ ಚೆಲ್ಲುವ ಸಣಕಲು ತುರಾಯಿಯವೂ ಇದ್ದವು. ಎರಡೂ ಸೇರಿದ ಮೇಲೆ ಬೀಜ ಕಟ್ಟದೆ ಇದ್ದೀತೇ? ಅದು ಗೊತ್ತಾದರೆ ಒಂದು ಬುಡವನ್ನೂ ಉಳಿಸದೆ ಕಿತ್ತು ಸುಡುತ್ತಾರೆ.

ನೀವೇ ನೋಡಿ ಹೇಳಿ ಎಂದು ಇನ್ಸ್‌ಪೆಕ್ಟರ್ ಅವಳಿಗೆ ಲೆನ್ಸ್ ಕೊಟ್ಟ. ಗ್ಲೌಸಿನಲ್ಲಿ ಅದು ಜಾರಿತು. ಬಲಗೈಯದನ್ನು ಕಳಚಲೇಬೇಕಾಯಿತು.

ಅವನ ಕಣ್ಣು ಹುಲ್ಲನ್ನು ಬಿಟ್ಟು ಅವಳ ಬೆರಳ ಮೇಲೆ ನಿಂತಿತು. ಅಲ್ಲಿಂದ ಮೆಲ್ಲಗೆ ಮೇಲೇರಿ, ಅವಳ ಕಣ್ಣಿಗೆ ಸಿಕ್ಕಿಬಿದ್ದು, ಕದ್ದವನ ಹಾಗೆ ಕೆಳಗಿಳಿಯಿತು.

“ಬೆಕ್ಕು ಸಾಕಿದೀರಾ ಮೇಡಂ?” ಪಿಸುದನಿಯಲ್ಲಿ ಕೇಳಿದ.

“ಹ್ಞೂಂ.”

“ಒಂದೇನಾ?”

“ಎರಡು.”

“ಬೆಕ್ಕೋ, ಚಿರತೆನೋ?”

ಅವಳು ಕೆಳತುಟಿ ಕಚ್ಚಿಕೊಂಡು ನಗು ನುಂಗಿದಳು. ಅವನು ಅದನ್ನೂ ನೋಡಿಬಿಟ್ಟ.

ಮುಂದಿನ ಸಲ ಬಂದಾಗ ಯಾರೂ ಇಲ್ಲದ ಹೊತ್ತು ನೋಡಿ ಅವಳ ಅಂಗೈಗೆ ಪುಟ್ಟ ಗಂಟೆಯೊಂದನ್ನು ಹಾಕಿದ. “ಬೆಕ್ಕಿಗೆ ಕಟ್ಟಿ. ಪರಚೋಕೆ ಬಂದ್ರೆ ಮೊದಲೇ ಗೊತ್ತಾಗುತ್ತೆ.”

ಅವನ ಬೆರಳುಗಳಲ್ಲೂ ಅದೇ ಗರಗಸದ ಗೀರುಗಳಿದ್ದವು. ಅವನೂ ಬರಿಗೈಯಲ್ಲಿ ಕೀಳುವವನೇ; ಬೆಕ್ಕಿನ ಸುಳ್ಳು ಅವನಿಗೆ ಮೊದಲೇ ಗೊತ್ತಿತ್ತು. ಗಂಟೆ ಜೇಬು ಸೇರಿತು. ನಡೆದಾಗೆಲ್ಲ ಅದು ಕಿಣಿಗುಟ್ಟುವುದು, ಅವಳ ಕೆನ್ನೆ ಬಿಸಿಯಾಗುವುದು.

ಮೂರನೆಯ ಸಲ ಅವನು ಯಾರನ್ನೂ ಕೇಳದೆ ನೇರ ಶೆಡ್ಡಿನ ಹಿಂದಕ್ಕೆ ನಡೆದ.

ಕುಂಡಗಳು ಒಡೆದ ಸದ್ದಿಗೆ ಅವಳು ಓಡಿಬಂದಳು. “ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯೇನೋ!” ಎನ್ನುತ್ತ ಅಣ್ಣ ಗುದ್ದಲಿಯ ಕಾವಿನಿಂದ ಬೀಸಿದ ಏಟಿಗೆ ಅವನ ಹಣೆ ಸೀಳಿತು. ಬೆಳ್ಳಿ ತುರಾಯಿಯ ಮೇಲೆ ರಕ್ತ ಚಿಮ್ಮಿತು. ಇನ್ನೊಂದು ಏಟು ಭುಜಕ್ಕೆ, ಎಲುಬು ಲಟಕ್ಕೆಂದಿತು. ಅವನು ಹುಲ್ಲಿನ ಮೇಲೇ ಕುಸಿದ. ಎಲೆಗಳು ಕೆನ್ನೆಯನ್ನು ಕೊಯ್ದವು. ಅಣ್ಣ ಗುದ್ದಲಿ ಎಸೆದು, ಶೆಡ್ಡಿನ ಗೋಡೆಗೆ ಸಿಕ್ಕಿಸಿದ್ದ ಮಚ್ಚು ಎಳೆದುಕೊಂಡ.

ಇಬ್ಬರ ನಡುವೆ ಅವಳ ಜೇಬಿನ ಗಂಟೆ ಕಿಣಿಗುಟ್ಟಿತು.

ಅವಳು ಗ್ಲೌಸ್ ಕಿತ್ತೆಸೆದು, ತುಂಬಿದ ತುರಾಯಿಯೊಂದನ್ನು ಮುರಿದು, ಅಣ್ಣನ ಕಣ್ಣೆದುರೇ ಅಂಗೈಯಲ್ಲಿ ಹಿಚುಕಿದಳು. ಗಾಯದ ಹಸಿಗೆ ಸಣ್ಣ ಸಣ್ಣ ಬೀಜಗಳು ಅಂಟಿಕೊಂಡವು.

ಅಣ್ಣ ಬೀಜ ನೋಡಿದ. ಆಮೇಲೆ ಕೈ ನೋಡಿದ. “ಏನೇ ಇದು ಪುಟ್ಟಿ? ಗುಡ್ಡದಲ್ಲಿ ಕೀಳ್ತಿದ್ದೋಳು ನೀನೇನಾ?” ಮಚ್ಚು ಅವಳತ್ತ ತಿರುಗಿತು.

“ಬೆಕ್ಕು!” ನೆಲದಿಂದ ಇನ್ಸ್‌ಪೆಕ್ಟರ್ ರಕ್ತ ಉಗುಳುತ್ತ ಕೂಗಿದ. “ಬೆಕ್ಕು ಪರಚಿದ್ದು ರೀ! ಅವರಿಗೇನೂ ಗೊತ್ತಿಲ್ಲ, ಅವರನ್ನ ಬಿಡಿ!”

“ಯಾವ ಬೆಕ್ಕೋ? ನನ್ನ ಮನೇಲಿ ಎಲ್ಲಿದೆಯೋ ಬೆಕ್ಕು?”

ಮೈಯೆಲ್ಲ ಏಟು ತಿಂದು ಬಿದ್ದವನು, ಅವಳ ಸುಳ್ಳನ್ನೇ ಹಿಡಿದು ಅವಳನ್ನು ಕಾಯಲು ಹೊರಟಿದ್ದ. ಅವಳು ಬರಿಗೈ ಚಾಚಿ ಮಚ್ಚಿನ ಅಲಗನ್ನು ಬಿಗಿಯಾಗಿ ಹಿಡಿದಳು. ಹಳೆಯ ಗೀರುಗಳ ಮೇಲೆ ಹೊಸ ರಕ್ತ ಹರಿಯಿತು.

“ಬಿಡೇ, ಕೈ ಹೋಗುತ್ತೆ!” ಅಣ್ಣನ ದನಿಯಲ್ಲಿ ಮೊದಲ ಸಲ ಹೆದರಿಕೆ.

ಅವಳು ಬಿಡಲಿಲ್ಲ.

“ಬೆಕ್ಕಿಲ್ಲ ಅಣ್ಣಾ. ಕಿತ್ತಿದ್ದು ನಾನೇ, ಬೀಜ ನಮ್ಮದೇ. ಸುಡೋದಾದ್ರೆ ಎಲ್ಲಾ ಸುಟ್ಟುಹೋಗ್ಲಿ. ನನಗೆ ಇವರು ಬೇಕು.”