ಜೀವಾಳ ಕಿತ್ತ ತಂಬೂರಿ

ಸರ್ವಮಂಗಳಮ್ಮನವರು ತಲೆ ಕೊಡವಿದರೆ ನಾಲ್ಕು ಗ್ರಂಥ ಉದುರುತ್ತವೆ ಎಂದು ಚನ್ನಗಿರಿಯಲ್ಲೆಲ್ಲ ಸಾರಿದವನು ಅವರ ಗಾಡಿ ಹೊಡೆಯುವ ಗಿಡ್ಡಪ್ಪ. ಅವರು ಭೇದಿಸಿದ ನೂರಾ ಎಂಟು ಕಳವಿಗೂ ಅವನೇ ಕಣ್ಣಾರೆ ಕಂಡ ಸಾಕ್ಷಿ. ಹನ್ನೊಂದೇ ಎನ್ನುವವರೂ ಇದ್ದಾರೆ, ಅವರಿಗೆ ಹೊಟ್ಟೆಕಿಚ್ಚು.

ಮೂವತ್ತಾರನೇ ಇಸವಿಯ ಬಿರುಬೇಸಿಗೆಯ ಒಂದು ಮಧ್ಯಾಹ್ನ ದವಾಖಾನೆಯ ಕಾಂಪೌಂಡರ್ ಚಿತ್ತಪ್ಪ ಅವರ ಮನೆಗೆ ಓಡೋಡಿ ಬಂದ. ಹಿಂದಿನ ದಿನ ಮೇಜಿನ ಮೇಲಿದ್ದ ಕ್ವಿನೈನ್ ಗುಳಿಗೆಯ ಸೀಸೆ ಮಾಯವಾಗಿತ್ತು. ಊರೇ ಚಳಿಜ್ವರದಲ್ಲಿ ನಡುಗುತ್ತಿದ್ದ ಕಾಲ, ಅದಕ್ಕಿದ್ದ ಮದ್ದು ಅದೊಂದೇ. ಸಂಜೆಯೊಳಗೆ ಸೀಸೆ ಸಿಗದಿದ್ದರೆ ಡಾಕ್ಟರು ಅವನನ್ನೇ ಪೊಲೀಸರಿಗೆ ಒಪ್ಪಿಸುವವರಿದ್ದರು. ಹಿಂದಿನ ದಿನ ಸೀಸೆ ಕಳುವಾದ ಹೊತ್ತಿನಲ್ಲಿ ಬಂದಿದ್ದವರು ಮೂವರು: ಕಾಲು ಕೊಯ್ದುಕೊಂಡ ಮೊಸರಿನ ಬೊಮ್ಮಕ್ಕ, ಹಲ್ಲುನೋವಿನ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ, ಗಂಟಲಿಗೆ ಔಷಧ ಕೇಳಿದ ಸಂಗೀತದ ಮೇಷ್ಟ್ರು ಮಲ್ಲಿಕಾರ್ಜುನಪ್ಪ.

"ನಾನು ಕದ್ದಿಲ್ಲ ಅಮ್ಮಾರೇ. ಮೂರು ಮಕ್ಕಳ ತಂದೆ ನಾನು."

"ಮಕ್ಕಳಿದ್ದೋರು ಕದಿಯಲ್ಲ ಅಂತ ಯಾವ ಪುಸ್ತಕದಾಗೂ ಇಲ್ಲ," ಎಂದರು ಸರ್ವಮಂಗಳಮ್ಮ. "ಗಿಡ್ಡಪ್ಪ, ಗಾಡಿ ಕಟ್ಟು."

ಬೊಮ್ಮಕ್ಕನ ಮನೆಯಲ್ಲಿ ಮಜ್ಜಿಗೆಯೂ ಸಿಕ್ಕಿತು, ಬೈಗುಳವೂ ಸಿಕ್ಕಿತು. ಕಳ್ಳ ಮಹೇಶ್ವರಪ್ಪನೇ ಎಂದು ತೀರ್ಮಾನಿಸಿದ್ದ ಗಿಡ್ಡಪ್ಪ ಅವನ ಅಡಿಕೆ ಮೂಟೆಗಳಿಗೆ ಮೊಣಕೈವರೆಗೂ ಕೈ ಹಾಕಿ, ಕೈ ತುಂಬ ಅಡಿಕೆಯನ್ನೇ ಹಿಡಿದು ತೆಗೆದ. ಮೇಷ್ಟ್ರ ಮನೆಯಲ್ಲಿ ಮೇಷ್ಟ್ರಿಗೂ ತಂಬೂರಿಗೂ ಜಗಳ ನಡೆದಿತ್ತು. ಮೂರು ದಿನ ಬಿಟ್ಟು ಮಹೇಶ್ವರಪ್ಪನ ಗೃಹಪ್ರವೇಶದಲ್ಲಿ ಮೇಷ್ಟ್ರ ಸಂಗೀತ ಕಚೇರಿ. ಮೂಲೆಯಲ್ಲಿ ಎರಡು ಕಂಬಳಿ ಹೊದ್ದು ಕೂತ ಮೇಷ್ಟ್ರು, ತೊಡೆಯ ಮೇಲೆ ತಂಬೂರಿ.

"ತಂತಿ ಅಡಿಯ ಜೀವಾಳ ನಾಲ್ಕೂ ಕಿತ್ತು ಹಾಕೀನಿ. ಆದ್ರೂ ಗುಂಯ್ ಅನ್ನೋದು ನಿಲ್ಲಂಗಿಲ್ಲ ನೋಡ್ರಿ," ಎಂದು ಅವರು ಹಲ್ಲು ಕಡಿದರು.

ಸರ್ವಮಂಗಳಮ್ಮ ತಂತಿ ಮೀಟಿದರು. ಒಣ ಸದ್ದೊಂದು ಎದ್ದು ಅಲ್ಲೇ ಸತ್ತಿತು.

ಹೊತ್ತು ಇಳಿಯುವ ಮುನ್ನ ಮೂವರನ್ನೂ ದವಾಖಾನೆಗೆ ಕರೆಸಿದರು. ಅರ್ಧ ಚನ್ನಗಿರಿ ನೆರೆದಿತ್ತೆಂದು ಗಿಡ್ಡಪ್ಪ ಹೇಳುತ್ತಾನೆ. ಬೆಂಚು ತುಂಬಿದ್ದಂತೂ ನಿಜ.

"ತಂಬೂರಿಗೆ ಗುಂಗು ಬರೋದು ತಂತಿ ಅಡಿ ಇಡೋ ನೂಲೆಳೆಯಿಂದ. ಅದೇ ಜೀವಾಳ. ಅದನ್ನ ಕಿತ್ತ ಮೇಲೆ ನಮಗ್ಯಾರಿಗೂ ಕೇಳದ ಗುಂಗು ಮೇಷ್ಟ್ರಿಗೆ ಮಾತ್ರ ಕೇಳ್ತೈತೆ. ಅಂದ್ರೆ ಅದು ತಂಬೂರಿಯಾಗಿಲ್ಲ, ಕಿವಿಯಾಗೈತೆ." ಕ್ವಿನೈನ್ ದಕ್ಷಿಣ ಅಮೆರಿಕದ ಬೆಟ್ಟದ ಮರದ ತೊಗಟೆಯದು, ಮುನ್ನೂರು ವರ್ಷದ ಹಿಂದೆ ಪಾದ್ರಿಗಳು ಅದನ್ನು ಯುರೋಪಿಗೆ ಒಯ್ದರು, ಅಳತೆ ಮೀರಿ ನುಂಗಿದರೆ ಕಿವಿ ಮೊರೆಯುತ್ತದೆ ಎಂದು ಸರ್ವಮಂಗಳಮ್ಮ ವಿವರಿಸಿದರು. "ಈ ಸೆಕೆಯಾಗೆ ಎರಡು ಕಂಬಳಿ ಹೊದೆಯೋನಿಗೆ ಗಂಟಲು ನೋವಲ್ಲ, ಚಳಿಜ್ವರ. ಚಿತ್ತಪ್ಪ ಒಳಗೆ ಬೊಮ್ಮಕ್ಕನ ಕಾಲಿಗೆ ಪಟ್ಟಿ ಕಟ್ಟೋವಾಗ ಸೀಸೆ ಹೋಗೈತೆ."

ಮೇಷ್ಟ್ರು ಶಲ್ಯದೊಳಗಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಜ್ವರದ ಸುದ್ದಿ ಹಬ್ಬಿದರೆ ಕಚೇರಿ ಬೇರೆಯವರ ಪಾಲಾಗುತ್ತದೆಂದು ಹೆದರಿ, ಒಂದೇ ದಿನಕ್ಕೆ ವಾಸಿಯಾಗಲೆಂದು ಹಿಡಿ ಗುಳಿಗೆ ನುಂಗಿದ್ದರಂತೆ.

"ಇನ್ನು ನನಗೆ ಶ್ರುತಿ ಹಿಡಿಯಾಕೆ ಆಗಂಗಿಲ್ಲೇನ್ರೀ?"

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಚಿತ್ತಪ್ಪ ಮುಂದೆ ಬಂದ. ಮೇಷ್ಟ್ರ ಕೈ ಹಿಡಿದು ನಾಡಿ ನೋಡಿದ.

"ಗುಳಿಗೆ ಬಿಟ್ರೆ ಕಿವಿ ಮೊರೆತ ಎರಡು ದಿನಕ್ಕೆ ಇಳಿತೈತೆ. ಆಮೇಲೆ ನಾನೇ ಅಳತೆ ಮಾಡಿ ಕೊಡ್ತೀನಿ. ಕುಂತ್ಕೊಳ್ರಿ, ಜ್ವರ ಎಷ್ಟೈತೆ ನೋಡಾನ."