ಪೋಸ್ಟರಿನ ಕಿಟಕಿಯಲ್ಲಿ ನಗದೇ ನಿಂತವಳು

ಸರ್ರ್... ಸರ್ರ್... ಟಪ್!

ವಾರಿಜಾಕ್ಷಿ ಹಾಸಿಗೆಯಲ್ಲಿ ಎದ್ದು ಕೂತಳು. ಯಾರೋ ಒದ್ದೆ ಪೊರಕೆಯಿಂದ ಗೋಡೆ ಗುಡಿಸುತ್ತಿರುವಂಥ ಸದ್ದು. ಕೆಳಗೆ ಅಪ್ಪಯ್ಯನ ಹೋಟೆಲು ಬಾಗಿಲು ಹಾಕಿ ಗಂಟೆಯ ಮೇಲಾಗಿತ್ತು. ನಾಸಿಕದ ರವಿವಾರ ಕಾರಂಜ ಎಂಬ ಬೀದಿಯಲ್ಲಿ ಟಾಂಗಾ ಕುದುರೆಯ ಸಪ್ಪಳವೂ ಇರಲಿಲ್ಲ.

'ಚಿಲಕ ಹಾಕಿದ್ದೇನಾ? ಹಾಕಿದ್ದೇನೆ. ಮೂರು ಸಲ ನೋಡಿದ್ದೇನೆ. ಆದರೂ...'

ಮೆಲ್ಲಗೆ ಕಿಟಕಿ ತೆರೆದಳು. ಬೀದಿ ದೀಪದ ಹಳದಿ ಬೆಳಕಿನಲ್ಲಿ ಬಿದಿರಿನ ಏಣಿಯ ಮೇಲೆ ಒಬ್ಬ ನಿಂತಿದ್ದ. ಒಂದು ಕೈಯಲ್ಲಿ ಗಂಜಿಯ ಬಕೆಟ್ಟು, ಇನ್ನೊಂದರಲ್ಲಿ ದಪ್ಪ ಕುಂಚ.

"ಯಾರದು?" ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಮಾತು ಕನ್ನಡ.

ಅವನು ಕತ್ತೆತ್ತಿ ನೋಡಿದ. ಮುಖ ಅರಳಿತು. "ಆಹಾ, ಕನ್ನಡ! ಅಂಜಬ್ಯಾಡ್ರಿ. ನಾ ಚಂದ್ರಕಲಾ ಟಾಕೀಜಿನ ಪೇಂಟರ್, ಶಿವರಾಯ ಅಂತ. ನಿಮ್ಮ ಗ್ವಾಡಿ ಕದಿಯಾಕ ಬಂದಿಲ್ರಿ, ಗ್ವಾಡಿಗಿ ಅಂಗಿ ತೊಡಸಾಕ ಬಂದೀನಿ!"

ನಾಳೆ ಶುಕ್ರವಾರ, ಹೊಸ ಚಿತ್ರ. ಅದಕ್ಕೇ ಈ ಹೊತ್ತಿನಲ್ಲಿ ಪೋಸ್ಟರು. ಅವಳ ಎದೆಬಡಿತ ಇಳಿಯಬೇಕಿತ್ತು. ಇಳಿಯಲಿಲ್ಲ. ಅವಳ ಕಣ್ಣು ಏಣಿಯ ಬುಡದ ಮೇಲಿತ್ತು.

"ನಿಮ್ಮ ಏಣಿ ಅಲ್ಲಾಡ್ತಾ ಉಂಟು! ಕೆಳಗಿನ ಇಟ್ಟಿಗೆ ಜಾರಿದೆ. ಮೊದಲು ಇಳೀರಿ ಮಾರಾಯ್ರೆ!"

ಅವನು ಬಗ್ಗಿ ನೋಡಿ ಇಳಿದ. ಇಟ್ಟಿಗೆ ಸರಿಮಾಡಿ, ಮತ್ತೆ ಮೇಲೆ ನೋಡಿ ಹೇಳಿದ: "ಐದು ವರ್ಷ ಆಯ್ತು ಏಣಿ ಹತ್ತಲಾಕ ಹತ್ತಿ. 'ಇಳಿ' ಅಂದವರು ನೀವ ಮೊದಲಿಗ್ರು."

ಕಿಟಕಿ ಮುಚ್ಚಬೇಕಿತ್ತು. ಮುಚ್ಚುವ ಬದಲು ಅವಳು ಪೋಸ್ಟರನ್ನೇ ನೋಡಿದಳು. ಐವರು ಗಂಡಸರು, ಐವರೂ ಹಲ್ಲು ಕಿರಿದು ನಗುತ್ತಿದ್ದರು.

"ಇದನ್ನು ನೋಡಿ ಯಾರೂ ನಿಲ್ಲುವುದಿಲ್ಲ," ಎಂದಳು.

"ಯಾಕ್ರಿ? ಹಾಸ್ಯದ ಪಿಚ್ಚರ್ ಅದ!"

"ಅವರೇ ಎಲ್ಲರೂ ನಗ್ತಾ ಇದ್ದಾರೆ. ನಮಗೆ ನಗಲಿಕ್ಕೆ ಎಂತ ಬಾಕಿ ಉಂಟು?"

ಅವನ ಕುಂಚ ಗಾಳಿಯಲ್ಲೇ ನಿಂತಿತು. ಅವಳು ಫಕ್ಕನೆ ಕಿಟಕಿ ಮುಚ್ಚಿದಳು. 'ಅಯ್ಯೋ ದೇವರೇ! ಅಪರಿಚಿತ ಗಂಡಸಿನ ಹತ್ತಿರ ಏನೆಲ್ಲಾ ಮಾತಾಡಿಬಿಟ್ಟೆ!'

* * *

ಅದು ಸಾವಿರದ ಒಂಬೈನೂರ ಅರವತ್ತೊಂಬತ್ತು. ವಾರಿಜಾಕ್ಷಿ ಬಿ.ಎ. ಮುಗಿಸಿದ್ದಳು. ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಎಂ.ಎ. ಓದುವ ಆಸೆ. ಅರ್ಜಿಯ ಜೊತೆಗೆ ಸ್ವಂತ ಕಣ್ಣಿಂದ ಕಂಡು ಬರೆದ ಒಂದು ಪ್ರಬಂಧ ಕೊಡಬೇಕಿತ್ತು. ಹಾಸ್ಯಚಿತ್ರಗಳ ಪೋಸ್ಟರು, ಟ್ರೇಲರುಗಳು ಜನರನ್ನು ಹೇಗೆ ಸೆಳೆಯುತ್ತವೆ ಎಂಬುದು ಅವಳು ಆರಿಸಿಕೊಂಡ ವಿಷಯ.

ವಿಷಯ ಮನೆಬಾಗಿಲಿಗೇ ಬಂದಿತ್ತು. ಗೋಡೆಗೆ ಪೋಸ್ಟರು ಹಚ್ಚಲು ಬಿಟ್ಟವರಿಗೆ ಟಾಕೀಜಿನವರು ವಾರಕ್ಕೆರಡು ಪಾಸು ಕೊಡುವ ರೂಢಿ. ಅವಳು ತಾಯಿ ಗುಣವತಿಯೊಂದಿಗೆ ಹೋಗುತ್ತಿದ್ದಳು. ಅಮ್ಮ ಸಿನಿಮಾ ನೋಡುತ್ತಿದ್ದರು, ಮಗಳು ಸಿನಿಮಾ ನೋಡುವವರನ್ನು ನೋಡುತ್ತಿದ್ದಳು. ಬಾಕಿ ಹೊತ್ತು ಕಿಟಕಿಯ ಹಿಂದೆ ನೋಟ್‌ಬುಕ್ಕು. ಓಝರಿನ ವಿಮಾನ ಕಾರ್ಖಾನೆಯ ನೌಕರರು ಮೊದಲು ಹೆಸರು ಓದುತ್ತಾರೆ. ಲಾಸಲಗಾಂವ್‌ನಿಂದ ಈರುಳ್ಳಿ ಲಾರಿಯಲ್ಲಿ ಬಂದವರು ದೊಡ್ಡ ಮುಖವನ್ನು ನೋಡುತ್ತಾರೆ. ಹೆಂಗಸರು ಪೋಸ್ಟರಿನ ಹೆಂಗಸನ್ನು ಹುಡುಕುತ್ತಾರೆ...

ಮುಂದಿನ ವಾರದಿಂದ ಆ ನೋಟ್‌ಬುಕ್ಕಿಗೆ ಒಬ್ಬ ಕೇಳುಗ ಸಿಕ್ಕಿದ.

ಅಪ್ಪಯ್ಯನ ಒಪ್ಪಿಗೆ ಪಡೆದು, ಗುರುವಾರ ಸಂಜೆ ಪೋಸ್ಟರಿನ ಗಂಜಿ ಹೋಟೆಲಿನ ಹಿತ್ತಲ ಒಲೆಯ ಮೇಲೇ ಬೇಯತೊಡಗಿತು. ಶಿವರಾಯ ಮೈದಾ ಕಲಕುತ್ತಾ, ದನಗಳು ನೆಕ್ಕದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾ ಕೂರುತ್ತಿದ್ದ. ಬೀದರ್ ಕಡೆಯವನು. ಅವಳು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ನಡುವೆ ಹತ್ತು ಅಡಿ ದೂರ, ಒಂದು ಬಕೆಟ್ಟು ಗಂಜಿ.

"ಹೊಸಾ ಟ್ರೇಲರ್ ನೋಡಿದ್ರೇನ್ರಿ?"

"ನೋಡಿದೆ. ಬಾಳೆಹಣ್ಣಿನ ಸಿಪ್ಪೆ ತೋರಿಸಿದರು, ಕಾಲು ಎತ್ತಿದ್ದು ತೋರಿಸಿದರು. ಬೀಳುವ ಮೊದಲೇ ಕತ್ತರಿಸಿದರು. ಇಡೀ ಟಾಕೀಜು ನಕ್ಕಿತು!"

"ಬೀಳಲಾರದ ನಗಿಸ್ಯಾರಲ್ಲ!"

"ಇನ್ನೊಂದರಲ್ಲಿ ಎಲ್ಲವನ್ನೂ ತೋರಿಸಿದರು. ನಮ್ಮ ಅಮ್ಮ ಅಲ್ಲಿಯೇ ಹೇಳಿದರು, ಇನ್ನು ಸಿನಿಮಾಕ್ಕೆ ಹೋಗುವುದು ಎಂತಕ್ಕೆ ಅಂತ."

ಅವನು ಮನಸಾರೆ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಬಾಗಿಲು, ಒಲೆ, ಮಳೆ, ಅಪ್ಪಯ್ಯನ ಕೆಮ್ಮು, ಯಾವುದಾದರೊಂದರ ಚಿಂತೆ ಅವಳ ಹಣೆಯ ಮೇಲೆ ಗೆರೆಯೆಳೆದಿರುತ್ತಿತ್ತು. ಆದರೆ ಗುರುವಾರ ಬಂತೆಂದರೆ ಬೆಳಗಿನಿಂದಲೇ ಅವಳಿಗೆ ಆ ಮೆಟ್ಟಿಲು ನೆನಪಾಗುತ್ತಿತ್ತು!

* * *

ಏಪ್ರಿಲ್‌ನಲ್ಲಿ ಒಂದು ಹಾಸ್ಯಚಿತ್ರ ಬಂತು. ಬಾಡಿಗೆ ಕೊಡದ ಐವರು ಹುಡುಗರು, ಅವರನ್ನು ಕಾಯುವ ಮನೆಯೊಡತಿ. ಟಾಕೀಜಿನ ಮುಂದೆ ದೊಡ್ಡ ಬೋರ್ಡು ಬರೆಯಲು ಮುಂಬಯಿಯಿಂದ ಫೋಟೋಗಳು ಬರಬೇಕು. ಐವರದೂ ಬಂತು. ಮನೆಯೊಡತಿಯದು ಬರಲಿಲ್ಲ.

ಶುಕ್ರವಾರ ಬೆಳಗ್ಗೆ ವಾರಿಜಾಕ್ಷಿ ನೋಟ್‌ಬುಕ್ ಹಿಡಿದು ಎದುರಿನ ಔಷಧದಂಗಡಿಯ ಕಟ್ಟೆಯ ಮೇಲೆ ನಿಂತಳು. ಏನಾಶ್ಚರ್ಯ! ಬೋರ್ಡಿನ ಮುಂದೆ ಜಾತ್ರೆಯ ಹಾಗೆ ಜನ. ನಿಲ್ಲುತ್ತಾರೆ, ನೋಡುತ್ತಾರೆ, ನಗುತ್ತಾರೆ, ಟಿಕೆಟ್ಟಿನ ಸಾಲಿಗೆ ಸೇರುತ್ತಾರೆ. ಅವಳು ಸರಸರನೆ ಬರೆದಳು: 'ಮೊದಲು ನಡುವಿನ ಹೆಂಗಸಿನ ಮುಖ. ಆಮೇಲೆ ಬೀಳುವ ಹುಡುಗರು. ಮತ್ತೆ ಆ ಮುಖ.'

ಆಮೇಲಷ್ಟೇ ತಾನೂ ಆ ಮುಖವನ್ನು ನೋಡಿದಳು.

ಏಣಿಯಿಂದ ಉರುಳುತ್ತಿರುವ ಐವರು. ನಡುವೆ ಒಂದು ಕಿಟಕಿ. ಕಿಟಕಿಯಲ್ಲಿ ಹಣೆ ಗಂಟಿಕ್ಕಿ, ಎರಡು ಬೆರಳು ತುಟಿಗಿಟ್ಟು, ಕೆಳಗೆ ನೋಡುತ್ತಿರುವ ಹೆಂಗಸು. ಎಡಹುಬ್ಬಿನ ಕೆಳಗೆ ಸಣ್ಣ ಮಚ್ಚೆ.

ಅವಳ ಕೈ ತಾನಾಗಿ ತನ್ನ ಎಡಹುಬ್ಬಿಗೆ ಹೋಯಿತು.

"ಕಾಯ್ ತೋಂಡ್ ಆಹೇ!" ಎಂಥ ಮೋರೆಯಪ್ಪಾ ಎಂದು ಪಕ್ಕದವನು ಹೊಟ್ಟೆ ಹಿಡಿದು ನಕ್ಕ. ಅವಳ ಕಿವಿ ಸುಟ್ಟಂತಾಯಿತು. 'ನನ್ನ ಮುಖ... ಹದಿನೈದು ಅಡಿ ಎತ್ತರದಲ್ಲಿ... ಇಡೀ ಊರು ನಗುವುದಕ್ಕೆ!'

ಟಾಕೀಜಿನ ಹಿಂದಿನ ಶೆಡ್ಡಿನಲ್ಲಿ ಅವನು ಕುಂಚ ತೊಳೆಯುತ್ತಿದ್ದ. ಅವಳನ್ನು ಕಂಡು ಸಂತೋಷದಿಂದ ಎದ್ದ. "ನೋಡಿದ್ರೇನ್ರಿ? ನೀವು ಹೇಳಿದ್ದ ಖರೇ ಆಯ್ತು! ನಗಲಾರದ ಮುಖ ಒಂದು ಬೇಕು ಅಂತ..."

"ನನ್ನನ್ನು ಕೇಳಿದಿರಾ?" ಎಂದು ತಡೆದಳು.

"ಫೋಟೋ ಬರಲಿಲ್ರಿ. ಹೊತ್ತು ಇರಲಿಲ್ಲ. ಕಣ್ಣು ಮುಚ್ಚಿದ್ರ ನಂಗ ಆ ಮುಖ ಒಂದ..."

"ನಗಾಡಲಿಕ್ಕೆ ನಿಮಗೆ ನಾನೇ ಸಿಕ್ಕಿದೆನಾ? ನಾಳೆ ಅಪ್ಪಯ್ಯ ಹೋಟೆಲಿನ ಗಲ್ಲಾದಲ್ಲಿ ಹೇಗೆ ಕೂತುಕೊಳ್ಳುವುದು? ನಾನು ನಂಬಿ ಹೇಳಿದ ಮಾತನ್ನು ನನ್ನ ಮೇಲೆಯೇ..." ಅವಳು ಬಾಗಿಲ ಕಡೆ ತಿರುಗಿದಳು. "ಅಳಿಸಿ! ಇನ್ನು ಹಿತ್ತಲಿಗೆ ಬರಬೇಡಿ."

ಅವನು ಕುಂಚ ಕೆಳಗಿಟ್ಟ. "ಅಳಸ್ತೀನ್ರಿ," ಎಂದಷ್ಟೇ ಹೇಳಿದ.

ಶನಿವಾರ ಬೆಳಗ್ಗೆ ಕಿಟಕಿಯಲ್ಲಿ ಮುಖವಿರಲಿಲ್ಲ. ಬರೀ ಬಿಳಿ ಬಣ್ಣ. ಅವೇ ಐವರು ಬೀಳುತ್ತಿದ್ದರು. ಜನ ಒಂದು ಸಲ ನೋಡಿ ಮುಂದೆ ಹೋಗುತ್ತಿದ್ದರು. ಯಾರೂ ನಗಲಿಲ್ಲ. ಹಳೆಯ ಅಭ್ಯಾಸದಂತೆ ಅವಳು ಅದನ್ನೂ ಬರೆದುಕೊಂಡಳು.

ಮುಂದಿನ ಗುರುವಾರ ಗಂಜಿ ಬೇಯಿಸಲು ಬಂದವನು ಬೇರೆಯವನು. "ಹೌಸ್‌ಫುಲ್ ಓಡುತ್ತಿದ್ದ ಚಿತ್ರದ ಬೋರ್ಡು ಕೆಡಿಸಿದ ಅಂತ ಶಿವರಾಯನನ್ನು ಮ್ಯಾನೇಜರು ಓಡಿಸಿದರಂತೆ. ಔರಂಗಾಬಾದಿಗೆ ಹೋದನಂತೆ," ಎಂದು ಅಮ್ಮ ಅಕ್ಕಿ ಆರಿಸುತ್ತಾ ಹೇಳಿದರು.

ಆ ರಾತ್ರಿ ಸರ್ರ್ ಸರ್ರ್ ಸದ್ದಿಗೆ ವಾರಿಜಾಕ್ಷಿ ಎದ್ದು ಕಿಟಕಿಯವರೆಗೆ ಹೋದಳು. ತೆರೆಯಲಿಲ್ಲ.

* * *

ಜೂನ್‌ನಲ್ಲಿ ಸಂದರ್ಶನಕ್ಕೆ ಕರೆ ಬಂತು. ಅಪ್ಪಯ್ಯ ಸದಾನಂದರು ಜೊತೆಗೆ ಹೊರಟರು. ಯೇವಲಾ, ವೈಜಾಪುರ ದಾಟಿ ಬಸ್ಸು ಔರಂಗಾಬಾದು ತಲುಪುವವರೆಗೂ ಅವಳು ಪ್ರಬಂಧದ ಪುಟಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು.

ವಯಸ್ಸಾದ ಪ್ರಾಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಕೇಳಿದರು: "ಜನ ಆ ಹೆಂಗಸಿನ ಮುಖವನ್ನು ಗೇಲಿ ಮಾಡಿ ನಕ್ಕರು ಎಂದು ಬರೆದಿದ್ದೀರಿ. ಹಾಗಾದರೆ ಮುಖ ಅಳಿಸಿದ ಮೇಲೆ ಬೀಳುವ ಹುಡುಗರನ್ನು ನೋಡಿಯಾದರೂ ನಗಬೇಕಿತ್ತಲ್ಲ? ಯಾಕೆ ನಗಲಿಲ್ಲ?"

ಆ ಎರಡು ದಿನಗಳ ಟಿಪ್ಪಣಿ ಅವಳ ಕಣ್ಣ ಮುಂದೆ ಬಂತು. ಮೊದಲು ಆ ಮುಖ. ಆಮೇಲೆ ಬೀಳುವವರು. ಮತ್ತೆ ಆ ಮುಖ...

"ಬೀಳುವವರಿಗಾಗಿ ಅವಳು ಹೆದರಿದ್ದಳು ಮೇಡಂ," ಎಂದಳು ನಿಧಾನವಾಗಿ. "ಹೆದರುವವರು ಒಬ್ಬರಿದ್ದಾರೆ ಎಂದು ಗೊತ್ತಾದರೆ ನಮಗೆ ಧೈರ್ಯ. ಆಗ ನಗಬಹುದು. ಯಾರೂ ಇಲ್ಲದಿದ್ದರೆ... ಅದು ಬರೀ ಬೀಳುವುದು."

ಹೇಳಿ ಮುಗಿಸಿದಾಗ ಅವಳಿಗೇ ಹೊಳೆಯಿತು. 'ಏಣಿಯಿಂದ ಬೀಳುವವರು... ಕಿಟಕಿಯಿಂದ ನೋಡುವವಳು... ಅಯ್ಯೋ, ಶಿವರಾಯರು ಬರೆದದ್ದು ಆ ಮೊದಲ ರಾತ್ರಿಯನ್ನು!'

ಪ್ರಾಧ್ಯಾಪಕಿ ನಕ್ಕರು. "ಈ ವಾಕ್ಯವನ್ನು ಪ್ರಬಂಧದಲ್ಲಿ ಸೇರಿಸಿ. ಜುಲೈ ಒಂದಕ್ಕೆ ಬನ್ನಿ."

* * *

"ನಾನು ಭುಜಂಗನ ಹೋಟೆಲಿನಲ್ಲಿ ಕೂತಿರ್ತೇನೆ," ಎಂದರು ಅಪ್ಪಯ್ಯ ಗುಲ್‌ಮಂಡಿ ಪೇಟೆಯಲ್ಲಿ. ಭುಜಂಗ ಅವರ ಹಳೆಯ ಗೆಳೆಯ. "ನಿನ್ನದು ಎಂತ ಕೆಲಸ ಬಾಕಿ ಉಂಟು?"

"ಒಂದು ಬೋರ್ಡು ನೋಡಲಿಕ್ಕುಂಟು ಅಪ್ಪಯ್ಯ. ಪ್ರಬಂಧಕ್ಕೆ."

ಅಪ್ಪಯ್ಯ ಮಗಳ ಮುಖವನ್ನು ಒಂದು ಕ್ಷಣ ನೋಡಿದರು. "ನೋಡಿ ಬಾ."

ಎರಡು ಟಾಕೀಜು ಸುತ್ತಿ, ಮತ್ತೆ ಗುಲ್‌ಮಂಡಿಗೇ ಬಂದು, ಮೂರನೆಯದರ ಮುಂದೆ ಅವಳ ಕಾಲು ನಿಂತಿತು. ಹಾಸ್ಯಚಿತ್ರದ ಬೋರ್ಡು. ಎತ್ತಿನಗಾಡಿಯಿಂದ ಉರುಳುತ್ತಿರುವ ಗಂಡಸರು. ಅವರ ಮೇಲೆ ಒಂದು ತೆರೆದ ಕಿಟಕಿ. ಒಳಗೆ ದೀಪ ಉರಿಯುತ್ತಿತ್ತು. ಮುಖವಿರಲಿಲ್ಲ. ಜನ ನಿಂತು, ಕಿಟಕಿಯಲ್ಲಿ ಯಾರಿರಬಹುದು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಬೋರ್ಡಿನ ಮೂಲೆಯಲ್ಲಿ, ಏಣಿಯ ಮೇಲೆ, ನೀಲಿ ಬಣ್ಣದ ಡಬ್ಬಿ ಹಿಡಿದು ಶಿವರಾಯ!

ಅವಳ ಕಣ್ಣು ತುಂಬಿ ಬಂತು. ಆದರೂ ಮೊದಲು ನೋಡಿದ್ದು ಏಣಿಯ ಬುಡವನ್ನೇ.

"ನಿಮ್ಮ ಏಣಿ ಅಲ್ಲಾಡ್ತಾ ಉಂಟು!"

ಡಬ್ಬಿ ಕೈಜಾರಿತು. ನೀಲಿ ಬಣ್ಣ ಇಬ್ಬರ ಮೇಲೂ ಸಿಡಿಯಿತು. ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ.

"ನೀವ್... ಇಲ್ಲಿ?"

"ಅವತ್ತು ಯಾಕೆ ಹೇಳಲಿಲ್ಲ?" ಅವಳು ಅಳುತ್ತಲೇ ಜಗಳಕ್ಕೆ ನಿಂತಳು. "ಅದು ಗೇಲಿಯಲ್ಲ ಅಂತ ಒಂದು ಮಾತು ಹೇಳಲಿಕ್ಕೆ ನಿಮಗೆ ಬಾಯಿ ಇರಲಿಲ್ಲವಾ?"

"ಕೇಳಲಾರದ ಬರದಿದ್ದೆ. ತಪ್ಪು ನಂದ ಇತ್ತು. ಅದರ ಮ್ಯಾಲ ಏನ್ ಮಾತಾಡ್ಲಿ?" ಅವನು ನೆಲ ನೋಡಿದ. "ನಾ ಸಣ್ಣಾಂವ ಇದ್ದಾಗ ಅವ್ವ ಹೋದಳ್ರಿ. ಆಮ್ಯಾಲ ಎಷ್ಟ್ ಏಣಿ ಹತ್ತಿದೆ, ಬಿದ್ದೆ, ಎದ್ದೆ. ಇವ ಬಿದ್ದಾನು ಅಂತ ಅಂಜಿದವರು ನೀವೊಬ್ಬರ. ಮಂದಿ ಆ ಮುಖ ನೋಡಿ ನಕ್ಕರು. ನಾ ಬರಿಯೋವಾಗ ಅತ್ತೀನ್ರಿ."

ಚಿಂತೆಯ ಮೋರೆ, ಸಿಡುಕು ಮೋರೆ ಎಂದು ಅವಳು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮುಖ ಅದು. ಅದನ್ನು ಹೀಗೂ ನೋಡಬಹುದೇ?

"ನಿಮ್ಮ ಮ್ಯಾಲ ಜೀವ ಅದ ನಂದು," ಎಂದ ಅವನು, ಇನ್ನೂ ನೆಲವನ್ನೇ ನೋಡುತ್ತಾ. "ಈಗ ಕೇಳಿ ಬರೀತೀನಿ. ಆ ಕಿಟಕ್ಯಾಗ ನಿಮ್ಮ ಮುಖ ಬರೀಲೇನ್ರಿ?"

"ಬೇಡ."

ಅವನ ಮುಖ ಬಾಡಿತು.

"ಬೋರ್ಡಿನಲ್ಲಿ ಬೇಡ," ಎಂದಳು ಅವಳು ಮೆಲ್ಲಗೆ. "ನನಗೆ ಇಲ್ಲಿ ಸೀಟು ಸಿಕ್ಕಿತು. ಎರಡು ವರ್ಷ ಇದೇ ಊರಿನಲ್ಲಿರ್ತೇನೆ. ಮುಖ ನೋಡಬೇಕಾದರೆ ಎದುರಿಗೇ ನೋಡಿದರಾಯ್ತು."

"ಎರಡು ವರ್ಷ! ಆಮ್ಯಾಲ?"

"ಎಲ್ಲವನ್ನೂ ಟ್ರೇಲರಿನಲ್ಲೇ ತೋರಿಸಬಾರದು!"

ಅಂದವಳೇ ನಕ್ಕಳು. ಕಣ್ಣೀರಿನ ನಡುವೆಯೇ, ದಾರಿಹೋಕರು ತಿರುಗಿ ನೋಡುವಷ್ಟು ಜೋರಾಗಿ. ಅವನು ಆ ನಗುವನ್ನು ನೋಡುತ್ತಾ ನಿಂತುಬಿಟ್ಟ.

"ನಿಮಗ ನಗಾಕ ಬರ್ತದೇನ್ರಿ!"

"ಏಣಿಯಿಂದ ಇಳಿದಿರಲ್ಲ," ಎಂದಳು. "ಈಗ ಬರ್ತದೆ."

* * *

ಹಿಂದಿರುಗುವ ಬಸ್ಸಿನಲ್ಲಿ ಅಪ್ಪಯ್ಯ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

"ಬೋರ್ಡು ನೋಡಿದೆಯಾ ಮಗಳೇ?"

"ನೋಡಿದೆ."

"ಹೇಗುಂಟು?"

"ಚಂದ ಉಂಟು ಅಪ್ಪಯ್ಯ."

ಸದಾನಂದರು ಹೆಗಲ ಮೇಲಿನ ಬೈರಾಸದ ತುದಿಯನ್ನು ನೀರಿನ ಬಾಟಲಿಯಲ್ಲಿ ಒದ್ದೆಮಾಡಿ ಮಗಳ ಕೈಗೆ ಕೊಟ್ಟರು. "ಕೆನ್ನೆಯಲ್ಲಿ ನೀಲಿ ಬಣ್ಣ ಉಂಟು. ಮನೆ ಬರುವ ಮೊದಲು ಒರೆಸಿಕೋ."

ಅವಳು ತಲೆ ತಗ್ಗಿಸಿ ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಅಪ್ಪಯ್ಯನ ಭುಜಕ್ಕೊರಗಿ ನಿದ್ದೆಹೋದಳು. ಚಿಲಕವನ್ನು ಮೂರು ಸಲ ನೋಡದೆ ಮಲಗದ ಹುಡುಗಿ, ಬಸ್ಸಿನ ಕುಲುಕಾಟದಲ್ಲಿ!

ನಾಸಿಕದ ಆ ಬೋರ್ಡನ್ನು ಸದಾನಂದರು ಮೊದಲ ದಿನವೇ ನೋಡಿದ್ದರು. ಸ್ವಂತ ಮಗಳ ಮಚ್ಚೆ ತಿಳಿಯದೇ? ಸಿಟ್ಟಿನಿಂದಲೇ ಹೋದವರು, ಆ ಮುಖವನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದಾನೆಂದು ಕಂಡು, ಮಾತಾಡದೆ ಹಿಂದಿರುಗಿದ್ದರು. ಇವತ್ತು ಭುಜಂಗನ ಹೋಟೆಲಿನ ಬಾಗಿಲಲ್ಲಿ ನಿಂತು, ರಸ್ತೆಯಾಚೆ ಮಗಳು ಗಟ್ಟಿಯಾಗಿ ನಗುವುದನ್ನೂ ಕೇಳಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

ಗುಣವತಿ ಮನೆಯಲ್ಲಿ ನೂರು ಪ್ರಶ್ನೆ ಕೇಳುತ್ತಾಳೆ. ಕೇಳಲಿ. ಮಗಳು ತಾನಾಗಿ ಹೇಳುವ ದಿನ ಬರುವವರೆಗೆ, ಹೆಂಡತಿಗಾಗಲಿ ಇನ್ನು ಯಾರಿಗಾಗಲಿ, ಕಂಡದ್ದನ್ನು ಹೇಳುವುದಿಲ್ಲ ಎಂದು ಸದಾನಂದರು ನಿರ್ಧರಿಸಿದರು. ಮಗಳ ತಲೆ ಜಾರದಂತೆ ಭುಜವನ್ನು ಸ್ವಲ್ಪ ಎತ್ತಿ ಹಿಡಿದು ಕೂತರು.