ಹೂವಕ್ಕನ ಗೂಡಿನಡಿಯ ಮೊರ

ನೆರೆಮನೆಯ ಹೇಂಟೆ ಹನ್ನೊಂದು ಮರಿಗಳೊಂದಿಗೆ ಅಂಗಳಕ್ಕಿಳಿದಾಗ, ಬಾಯಲ್ಲಿ 'ಎಷ್ಟು ಚೆಂದ' ಎಂದ ನೀವು ಮನಸ್ಸಿನಲ್ಲಿ ಏನೆಂದುಕೊಂಡಿರಿ? ಆ ಮಾತನ್ನು ನಿಮ್ಮ ಮಕ್ಕಳೆದುರು ಗಟ್ಟಿಯಾಗಿ ಹೇಳಬಲ್ಲಿರಾ? ಹೇಳಲಾರಿರಿ. ಬ್ಯಾಕೋಡಿನ ಸುಚಿತ್ರಾಳೂ ಹೇಳಲಾರದೆ ಹೋದಳು.

ಎಚ್ಚರಿಸುವವರಿರಲಿಲ್ಲ ಎಂದಲ್ಲ. ಊರದೇವತೆ ಚೌಡಿಗೆ ದೀಪ ಹಚ್ಚುವ ಮುದುಕ ಹುಲಿಯಪ್ಪ ಅವಳ ಕೋಳಿಮನೆಯ ಬಾಗಿಲಿಗೇ ಬಂದಿದ್ದ. ಒಳಗೆ ಹಸಿರು ಹಿಕ್ಕೆಯ ಕೊಳೆತ ನಾತ. ಮೂಲೆಯಲ್ಲಿ ಮೂರು ಮರಿಗಳು ಕತ್ತನ್ನು ಬೆನ್ನಿನ ಮೇಲೆ ತಿರುಚಿಕೊಂಡು, ಬಾಯಿ ತೆರೆದು ಗೊರಗೊರ ಉಸಿರೆಳೆಯುತ್ತಿದ್ದವು.

"ಮೊರದಲ್ಲಿ ಬೇನೆ ಬಿದ್ದ ಒಂದು ಮರಿ ಇಡು ತಂಗಿ. ಬೇವಿನಸೊಪ್ಪು, ಅರಿಶಿನ, ನಿನ್ನದೊಂದು ಹಳೇ ಬಳೆ. ಗಡಿಕಲ್ಲು ದಾಟಿಸಿ ಕಾಡಲ್ಲಿ ಇಟ್ಟು ಬಾ. ಬರೋವಾಗ ತಿರುಗಿ ನೋಡ್ಬೇಡ. ಮಾರಿ ಹಿಂದೇ ನಿಂತಿರ್ತಾಳೆ."

ಸುಚಿತ್ರಾ ನಕ್ಕಳು. ಸಾಗರದ ಪೇಟೆಯಲ್ಲಿ ಬೆಳೆದು, ಶಿವರಾಮನನ್ನು ಮದುವೆಯಾಗಿ ಹಿನ್ನೀರಿನ ಈಚೆಗೆ ಬಂದು ವರ್ಷವಷ್ಟೇ ಆಗಿತ್ತು. "ಇದು ವೈರಸ್ಸು ಅಜ್ಜ. ಗಡಿಕಲ್ಲು ತನಕ ಹೊತ್ಕೊಂಡು ಯಾಕೆ ಹೋಗ್ಬೇಕು? ಟಿಕೇಟು ತೆಗ್ಸಿ ಬಸ್ಸಿಗೇ ಹತ್ತಿಸ್ತೀನಿ ಬಿಡಿ."

"ನಗು, ನಗು. ಆದ್ರೆ ಇನ್ನೊಬ್ರ ಅಂಗಳದಲ್ಲಿ ಮಾತ್ರ ಇಡ್ಬೇಡ. ಅದು ಮಾರಿ ಕಳಿಸೋದಲ್ಲ ತಂಗಿ. ಅದಕ್ಕೆ ಮಾಟ ಅಂತಾರೆ."

ಮುದುಕ ಹೋದ. ಅವನ ಕೊನೆಯ ಮಾತು ಮಾತ್ರ ಅವಳ ಕಿವಿಯಲ್ಲಿ ಉಳಿಯಿತು.

ನ್ಯಾಯವಾಗಿ ನೋಡಿದರೆ ತಪ್ಪು ಅವಳದೇ. ಮರಿಗಳಿಗೆ ಏಳನೆಯ ದಿನ ಕಣ್ಣಿಗೆ ಲಸಿಕೆಯ ಹನಿ ಹಾಕಬೇಕಿತ್ತು. ಅಂದು ಅವಳು ತವರಿನ ಮದುವೆಗೆ ಹೋಗಿ ಎರಡು ವಾರ ಅಲ್ಲೇ ಉಳಿದಿದ್ದಳು. ಆದರೆ ಅಸೂಯೆಗೆ ತನ್ನ ತಪ್ಪು ಕಾಣುವುದಿಲ್ಲ. ಕಂಡದ್ದು ಬೇಲಿಯಾಚೆಯ ಹೂವಮ್ಮನ ಅಂಗಳ. ಅಲ್ಲಿ ಬಲೆಯಿಲ್ಲ, ಬಲ್ಬಿಲ್ಲ, ಔಷಧಿಯಿಲ್ಲ. ಒಂದು ಹಿಡಿ ನುಚ್ಚು, ಕಂಬಗಳ ಮೇಲೊಂದು ಮರದ ಗೂಡು, ಅಷ್ಟೇ. ಆದರೂ ಕೋಳಿಗಳ ರೆಕ್ಕೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಮೇಲಿಂದ ಈ ಹನ್ನೊಂದು ಮರಿ! ತಿಂಗಳ ಹಿಂದೆ ತನ್ನ ಹೇಂಟೆಯೂ ಹನ್ನೊಂದೇ ಮೊಟ್ಟೆಗೆ ಕಾವಿಗೆ ಕೂತಿತ್ತು. ಮೂರನೆಯ ದಿನಕ್ಕೆ ಅದನ್ನು ಮುಂಗುಸಿ ಹೊತ್ತೊಯ್ದಿತ್ತು. 'ಮೊಟ್ಟೆ ಗುಂಡಿಗೆ ಎಸೀರಿ' ಎಂದು ಗಂಡನಿಗೆ ಹೇಳಿ ಅವಳು ಬಿಕ್ಕಿ ಅತ್ತಿದ್ದಳು.

ಅವಳಿಗೆ ಮಾಟದಲ್ಲಿ ನಂಬಿಕೆಯಿರಲಿಲ್ಲ. ಆದರೆ ಬೇನೆ ಬಿದ್ದ ಮರಿಯನ್ನು ಗೂಡಿನ ಕೆಳಗಿಟ್ಟರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ನಂಬದೆ ಮಾಡಿದರೆ ಅದು ಮಾಟವಲ್ಲವೇ? ಓದಿದವರು ತಮ್ಮ ವಿಷಕ್ಕೆ ಶುದ್ಧವಾದ ಹೆಸರಿಟ್ಟುಕೊಂಡ ಮಾತ್ರಕ್ಕೆ ಅದು ಅಮೃತವಾಗುವುದಿಲ್ಲ.

ನಡುಮಧ್ಯಾಹ್ನ. ಹೂವಮ್ಮ ತುಮರಿಯ ಬಸ್ಸಿಗೆ ಹೋದಳೆಂದು ಖಚಿತ ಮಾಡಿಕೊಂಡು ಸುಚಿತ್ರಾ ಬೇಲಿ ದಾಟಿದಳು. ಕೈಯಲ್ಲಿ ಮೊರ, ಮೊರದಲ್ಲಿ ಕತ್ತು ತಿರುಚಿದ ಮರಿ. ಹಾಸ್ಯಕ್ಕೆಂಬಂತೆ ಬೇವು, ಅರಿಶಿನ, ಬಳೆಯನ್ನೂ ಹಾಕಿದ್ದಳು. ಗೂಡಿನಡಿ ಹಗಲಿನಲ್ಲೂ ಕತ್ತಲು. ಹಿಕ್ಕೆಯ ಘಾಟು ಮೂಗನ್ನು ಇರಿಯಿತು. ಮೊರವನ್ನು ಒಳಗೆ ತಳ್ಳಿದಳು. ಎದ್ದಳು. ನಡೆದಳು.

ಕೋಳಿಗಳು ಕೆದರುವ ಸದ್ದು ನಿಂತಿತು. ಗಾಳಿ ನಿಂತಿತು. ಬೆನ್ನ ಹಿಂದೆ ಗೊರಗೊರ. ಸಣ್ಣ ಮರಿಯ ಉಸಿರಲ್ಲ. ದೊಡ್ಡದು. ಹತ್ತಿರದ್ದು. ಕತ್ತಿನ ಕೂದಲಿಗೆ ಬಿಸಿಯಾಗಿ ತಗಲುವಂಥದ್ದು.

ಸುಳ್ಳು. ಬರೀ ಸುಳ್ಳು. ಇನ್ನು ನಾಲ್ಕು ಹೆಜ್ಜೆ. ಬೇಲಿ.

"ಏ ಸುಚಿತ್ರಾ! ಎಂತಕ್ಕೆ ಓಡ್ತಿದ್ಯೇ ಮಾರಾಯ್ತಿ? ನಿನ್ನ ಮರಿ ನೋಡ್ಕಂಡು ಹೋಗೇ!"

ಹೂವಮ್ಮ. ಬಸ್ಸು ತಪ್ಪಿ ಹಿಂದಿರುಗಿದ್ದಳು.

ನಿನ್ನ ಮರಿ?

ಸುಚಿತ್ರಾ ತಿರುಗಿ ನೋಡಿದಳು.

ಗೂಡಿನಡಿಯ ಕತ್ತಲಲ್ಲಿ ಮರಿ ಎದ್ದು ನಿಂತಿತ್ತು. ಬೆನ್ನು ಇವಳ ಕಡೆ. ಮುಖವೂ ಇವಳ ಕಡೆ. ಅದರ ಹಿಂದೆ ಕತ್ತಲು ಹೆಂಗಸಿನಷ್ಟು ಎತ್ತರವಾಯಿತು. ಒಂದು ಕೈಯಾಯಿತು. ಆ ಕೈಯಲ್ಲಿ ಅವಳ ಬಳೆಯಿತ್ತು. ಕಣ್ಣಿಗೆ ಕಣ್ಣು ಕೂಡಿತು. ಸುಚಿತ್ರಾಳ ಕತ್ತಿನಲ್ಲಿ ಲಟಕ್ ಎಂದಿತು.

ಹೂವಮ್ಮನಿಗೆ ಏನೂ ಕಾಣಲಿಲ್ಲ. ನಗುತ್ತಲೇ ಹತ್ತಿರ ಬಂದಳು. "ಅವತ್ತು ಶಿವರಾಮ ಎಸೀದೆ ನಂಗೆ ತಂದುಕೊಟ್ಟ ಕಣೇ. ನಿನ್ನ ಮೊಟ್ಟೆಗೆ ಮಸಿ ಗೀಟು ಹಾಕಿ ನನ್ನ ಹೇಂಟೆಯ ಅಡಿಗಿಟ್ಟೆ. ಹನ್ನೊಂದಕ್ಕೆ ಹನ್ನೊಂದೂ ಎದ್ದಾವೆ! ನಿಮ್ಮನೇಲಿ ಬೇನೆ ಇದೆ, ಗಟ್ಟಿಯಾದ್ಮೇಲೆ ಕೊಡಣ ಅಂತ ಸುಮ್ನಿದ್ದೆ. ಕಾವು ಕೊಡಿಸ್ದೋರು ಅರ್ಧ ಪಾಲು ತಗಳೋದು ರೂಢಿ. ನಂಗೆ ಪಾಲೂ ಬೇಡ, ಎಂತದೂ ಬೇಡ. ಎಲ್ಲ ನಿಂಗೇ."

ಅಷ್ಟರಲ್ಲಿ ಹೇಂಟೆ ಮರಿಗಳನ್ನು ಕರೆಯುತ್ತ ಗೂಡಿನ ನೆರಳಿನತ್ತ ಹೊರಟಿತು.

ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಚಿತ್ರಾಳ ಗಂಟಲು ಇನ್ನೂ ಅವಳದಾಗಿತ್ತು. 'ಹೂವಕ್ಕ, ಮರಿ ತಡಿ' ಎನ್ನಬಹುದಿತ್ತು. ಯಾಕೆಂದು ಕೇಳಿದರೆ? ನಾಚಿಕೆಯಾಯಿತು. ಬಾಯಿ ಮುಚ್ಚಿದಳು. ಹನ್ನೊಂದು ಮರಿಗಳೂ ಮೊರದ ಮೇಲೆ ಹತ್ತಿ ಕೆದರತೊಡಗಿದಾಗ ಬಾಯಿ ತೆರೆದಳು. ಬಂದದ್ದು ಗೊರಗೊರ ಮಾತ್ರ.

ವಾರದೊಳಗೆ ಎರಡೂ ಅಂಗಳಗಳು ಬರಿದಾದವು. ಗೂಡಿನಡಿಯ ಮೊರ ಕಂಡಾಗ ಹೂವಮ್ಮ ಒಬ್ಬಳೇ ಅದನ್ನು ಗಡಿಕಲ್ಲು ದಾಟಿಸಿದಳು. ತಿರುಗಿ ನೋಡದೆ ಬಂದಳು. ಅವಳಿಗೆ ಏನೂ ಆಗಲಿಲ್ಲ. ಸುಚಿತ್ರಾಳ ಮುಖ ಮಾತ್ರ ಹಿಂದಕ್ಕೆ ತಿರುಗಿ ಎಡಭುಜದ ಮೇಲೆಯೇ ನಿಂತಿದೆ. ಸಾಗರದ ವೈದ್ಯರಿಗೆ ಕಾರಣ ಸಿಗಲಿಲ್ಲ. ಜಗಲಿಯಲ್ಲಿ ಹೇಗೆ ಕೂರಿಸಿದರೂ ಆ ಕಣ್ಣುಗಳು ಹೂವಮ್ಮನ ಖಾಲಿ ಗೂಡನ್ನೇ ನೋಡುತ್ತವೆ.

ದಿನವೂ ಎರಡು ಹೊತ್ತು ಅವಳಿಗೆ ಗಂಜಿ ಕುಡಿಸುವವಳು ಹೂವಮ್ಮ. "ಯಾರೋ ಹೊಟ್ಟೆಕಿಚ್ಚಿನೋರು ಮಾಡಿದ್ದು ತಂಗಿ. ನಿಂಗೂ ತಗಲ್ತು ನೋಡು," ಎಂದು ಸೆರಗಿನಿಂದ ಅವಳ ಬಾಯಿ ಒರೆಸುತ್ತಾಳೆ. ಸುಚಿತ್ರಾಳ ಕಣ್ಣಿಂದ ನೀರು ಇಳಿಯುತ್ತದೆ. ಗಂಟಲು ಗೊರಗುಟ್ಟುತ್ತದೆ.

ನಿಮ್ಮ ಗಂಟಲು ಇನ್ನೂ ನಿಮ್ಮದೇ ಆಗಿದೆ. ಯಾರ ಅಂಗಳದಲ್ಲಿ ಏನನ್ನು ಇಟ್ಟು ಬಂದಿದ್ದೀರೋ ನಿಮಗೆ ಗೊತ್ತು. ಇಂದೇ, ಬೆಳಕಿರುವಾಗಲೇ ಹೋಗಿ. ಅವರನ್ನು ಹೆಸರು ಹಿಡಿದು ಕರೆಯಿರಿ. ಅವರ ಕಣ್ಣೆದುರಿಗೇ ಅದನ್ನು ಎತ್ತಿ ಹೊರಗೆ ತನ್ನಿ.